ವಾಪಸ್ ಬಂದ ಮೂರು ಮೀನು

ಮೊದಲೇ ಹೇಳಿಬಿಡ್ತೀನಿ, ನನಗೆ ಸಿಟ್ಟು ಬೇಗ ಬರುತ್ತೆ. ಇಪ್ಪತ್ತೆರಡು ವರ್ಷದಿಂದ ಒಂದೇ ಹೋಟೆಲಿನ ಒಲೆ ಮುಂದೆ ನಿಂತಿರೋ ಅಡುಗೆಯವನಿಗೆ ಬರದೆ ಇನ್ಯಾರಿಗೆ ಬರಬೇಕು? ಆದರೆ ಈಗ ಹೇಳೋಕೆ ಹೊರಟಿರೋ ಸಿಟ್ಟು ಒಲೆ ಶಾಖದ್ದಲ್ಲ. ನಮ್ಮ ಹೋಟೆಲಿನಲ್ಲಿ ಹನ್ನೊಂದು ವರ್ಷ ತಟ್ಟೆ ತೊಳೆದ ಹೆಂಗಸಿನ ಕೈ ಕೊಳಕು ಅಂತ ಬೀದಿಗೆಲ್ಲ ಸುದ್ದಿ ಹಬ್ಬಿಸಿದರು. ಆ ಸುದ್ದಿ ಹುಟ್ಟಿದಾಗ ನಾನು ಅಲ್ಲೇ ನಿಂತಿದ್ದೆ. ನಿಂತಿದ್ದೆ ಅಷ್ಟೇ ಅಲ್ಲ, ಅದನ್ನೂ ಹೇಳ್ತೀನಿ.

ನಮ್ಮದು ಎಂಟು ಮೇಜಿನ ಹೋಟೆಲು. ಮುಂದೆ ಗಲ್ಲಾಪೆಟ್ಟಿಗೆ, ಅದರ ಹಿಂದೆ ಯಜಮಾನ, ಆಮೇಲೆ ಮೇಜುಗಳು, ಆಮೇಲೆ ಅಡುಗೆಮನೆ. ಅಡುಗೆಮನೆ ಗೋಡೆಯಲ್ಲಿ ಒಂದು ಕಿಂಡಿ. ತಿಂದು ಮುಗಿಸಿದ ತಟ್ಟೆಗಳು ಆ ಕಿಂಡಿಯಿಂದ ಒಳಗೆ ಬರ್ತವೆ, ಅದರ ಕೆಳಗೇ ತೊಟ್ಟಿ. ಅಲ್ಲಿ ನಿಂತವರಿಗೆ ಹೊರಗಿನ ಯಾರ ಮುಖವೂ ಕಾಣಲ್ಲ. ಬಡಿಸುವವನ ಹೊಟ್ಟೆ, ಅವನ ಕೈ, ತಟ್ಟೆ, ಇಷ್ಟೇ.

ಅವಳು ಕೆಲಸಕ್ಕೆ ಸೇರಿದಾಗ ನಲವತ್ತು ದಾಟಿತ್ತು. ಅದಕ್ಕೆ ಮೊದಲು ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೀತಿದ್ದಳಂತೆ. ಗಂಡ ಗಾದಿ, ಸೋಫಾ ಹೊಲಿಯೋನು. ಮಕ್ಕಳಿಲ್ಲ, ಅತ್ತೆ ಇದ್ದಾಳೆ. ಬಂದ ನಾಲ್ಕನೇ ದಿನವೇ ನನ್ನ ಬೆನ್ನ ಹಿಂದಿನಿಂದ ಒಂದು ಮಾತು ಬಂತು.

"ಇವತ್ತು ಪಲ್ಯಕ್ಕೆ ಉಪ್ಪು ಜಾಸ್ತಿ ಆಗಿದೆ."

"ತಿಂದು ನೋಡಿದೆಯಾ?" ಅಂದೆ.

"ಇಲ್ಲಪ್ಪ. ಆರು ತಟ್ಟೆಯಲ್ಲಿ ಪಲ್ಯ ಹಾಗೇ ಇದೆ. ಅನ್ನ ಖಾಲಿ. ತಟ್ಟೆಗೆ ಎರಡೆರಡು ನೀರಿನ ಲೋಟ ಬಂದಿವೆ."

ನನಗೆ ಮೈಯೆಲ್ಲ ಉರಿದುಹೋಯ್ತು. ನಿನ್ನ ತೊಟ್ಟಿ ನೀನು ನೋಡ್ಕೋ, ನನಗೆ ಅಡುಗೆ ಕಲಿಸೋಕೆ ಬರಬೇಡ ಅಂದೆ. ಆಮೇಲೆ ಅವಳು ಆ ಕಡೆ ತಿರುಗಿದಾಗ ಒಂದು ಚಮಚ ಬಾಯಿಗೆ ಹಾಕ್ಕೊಂಡೆ. ಉಪ್ಪು ಜಾಸ್ತಿಯೇ ಇತ್ತು. ಸದ್ದಿಲ್ಲದೆ ಎರಡು ಆಲೂಗೆಡ್ಡೆ ಹೆಚ್ಚಿ ಹಾಕಿದೆ. ಅವಳಿಗೆ ಗೊತ್ತಾಯ್ತು, ಗೊತ್ತಾಗಿಯೂ ಸುಮ್ಮನಿದ್ದಳು. ಅದೂ ನನಗೆ ಸಿಟ್ಟೇ ತರಿಸಿತು.

ಹೀಗೆ ಶುರುವಾಯ್ತು. ಆರು ತಿಂಗಳಾಗೋ ಹೊತ್ತಿಗೆ ನಾನೇ ಕತ್ತು ತಿರುಗಿಸಿ "ಹೇಗಿದೆ ಅಕ್ಕ?" ಅಂತ ಕೇಳೋ ಹಾಗಾಗಿತ್ತು. ಬಟಾಣಿ ಎಲ್ಲ ಆರಿಸಿ ತಟ್ಟೆ ಅಂಚಿಗೆ ಸಾಲಾಗಿ ಇಡೋ ಮನುಷ್ಯ ಯಾರು ಅಂತ ಅವಳು ಯಾವತ್ತೂ ನೋಡಿರಲಿಲ್ಲ, ಆದರೆ ಅವನಿಗೆ ಬಟಾಣಿ ಹಾಕಬೇಡ ಅಂತ ಬಡಿಸುವವನಿಗೆ ಹೇಳಿ ಕಳಿಸ್ತಿದ್ದಳು. ಒಂದು ಸಲ, ದಿನಾ ನಮ್ಮಲ್ಲೇ ಊಟ ಮಾಡೋ ಗಡಿಯಾರ ರಿಪೇರಿಯವರ ತಟ್ಟೆ ಹಿಡ್ಕೊಂಡು ನಿಂತಳು. "ಮೂರು ದಿನದಿಂದ ಕ್ಯಾರೆಟ್ಟು, ರೊಟ್ಟಿಯ ಅಂಚು ಎಲ್ಲ ಹಾಗೇ ಬರ್ತಿದೆ. ಇವರಿಗೆ ಹಲ್ಲು ನೋವು. ನಾಳೆ ಮೆತ್ತಗೆ ಬೇಯಿಸಿ ಕೊಡು" ಅಂದಳು. ಕೊಟ್ಟೆ. ಆ ಮನುಷ್ಯ ಊಟ ಮುಗಿಸಿ ನೆಟ್ಟಗೆ ಅಡುಗೆಮನೆಗೇ ಬಂದರು. "ನನ್ನ ಹೆಂಡತಿಗೇ ಗೊತ್ತಿಲ್ಲ ಮಾರಾಯ, ನಿಮಗೆ ಯಾರು ಹೇಳಿದರು?" ಅಂತ ಕೇಳಿದರು. ಅವತ್ತಿಂದ ಹೋಟೆಲಿನವರೆಲ್ಲ ಅವಳನ್ನ ಜಡ್ಜಮ್ಮ ಅಂತ ಕರೆಯೋಕೆ ಶುರು ಮಾಡಿದರು.

ಮಧ್ಯಾಹ್ನದ ಗಲಾಟೆ ಕಳೆದ ಮೇಲೆ ಅವಳ ಬಾಯಲ್ಲಿ ಒಂದೇ ವಿಷಯ, ಇವತ್ತು ಮನೆಗೆ ಏನು ಮಾಡೋದು. ಇಷ್ಟು ತಟ್ಟೆ ಎಂಜಲು ನೋಡಿದ ಮೇಲೂ ಊಟದ ಮೇಲೆ ಅಷ್ಟು ಆಸೆ ಇರೋ ಹೆಂಗಸನ್ನ ನಾನು ಬೇರೆ ಕಂಡಿಲ್ಲ. ಈರುಳ್ಳಿ ಎಷ್ಟು ಕೆಂಪಾಗಬೇಕು, ಬದನೆಕಾಯಿ ಯಾವಾಗ ಹಾಕಬೇಕು, ಯಾವಾಗ ಮುಚ್ಚಬೇಕು, ಕೈಯಾಡಿಸ್ತಾ ಹೇಳ್ತಿದ್ದಳು. ಮನೇಲೂ ತಟ್ಟೆ ನೋಡ್ತೀಯಾ ಅಂತ ಒಂದ್ಸಲ ಕೇಳಿದೆ. "ನಮ್ಮನೇಲಿ ನೋಡೋಕೆ ಏನಿರುತ್ತೆ? ನಮ್ಮತ್ತೆ ಊಟ ಮಾಡಿದ ತಟ್ಟೆ ತೊಳೀಬೇಕೋ, ಒರೆಸಿ ಇಟ್ಟರೆ ಸಾಕೋ ಅಂತ ನನಗೇ ಅನುಮಾನ ಬರುತ್ತೆ" ಅಂದಳು. ತಿಂಗಳಿಗೊಮ್ಮೆ ಗಂಡನ ಜೊತೆ ಎದುರು ಸಾಲಿನ ಹೋಟೆಲಿಗೆ ಹೋಗ್ತಿದ್ದಳು, ನಮ್ಮಲ್ಲಿಗಲ್ಲ. ಕೂತು ತಿನ್ನೋ ಸುಖ ಬೇಕಂತೆ. ತಿಂದಾದ ಮೇಲೆ ಕೈ ಸುಮ್ಮನಿರದೆ ತಟ್ಟೆ ಎತ್ತಿಕೊಂಡು ಅಲ್ಲಿನ ಅಡುಗೆಮನೆ ತನಕ ಹೋಗಿಬಿಡ್ತಾಳೆ ಅಂತ ಅವಳ ಗಂಡ ನಗಾಡ್ತಿದ್ದ. ಅಂಥ ಹೆಂಗಸು ಅವಳು.

ಈಗ ಆ ಮೀನಿನ ವಿಷಯಕ್ಕೆ ಬರ್ತೀನಿ.

ನಮ್ಮ ಬೀದಿಯಲ್ಲಿ ಔಷಧಿ ಅಂಗಡಿ ಇಟ್ಟಿರೋನು ಒಬ್ಬನಿದ್ದಾನೆ. ಅಧಿಕಾರಿಗಳೆಲ್ಲ ಗೊತ್ತು ಅನ್ನೋ ಥರ ನಡೀತಾನೆ, ಗೊತ್ತಿರಲೂಬಹುದು. ಅವನು ಒಂದು ಮಧ್ಯಾಹ್ನ ಹೆಂಡತಿ, ನಾದಿನಿ ಇಬ್ಬರನ್ನೂ ಕರ್ಕೊಂಡು ಬಂದ. ಮೂವರಿಗೂ ಮೀನಿನ ಊಟ. ಆ ಮೀನು ನಾನೇ ಬೆಳಗ್ಗೆ ಮಾರುಕಟ್ಟೆಗೆ ಹೋಗಿ, ಹೆಬ್ಬೆರಳಲ್ಲಿ ಒತ್ತಿ ನೋಡಿ ತಂದದ್ದು. ಹುರಿದು, ಮೇಲೊಂದು ನಿಂಬೆ ಹೋಳಿಟ್ಟು ಕಳಿಸಿದೆ. ಸ್ವಲ್ಪ ಹೊತ್ತಿಗೆ ಜಡ್ಜಮ್ಮ ಕರೆದಳು.

"ಬಾ ಇಲ್ಲಿ. ನೋಡು."

ಮೂರು ತಟ್ಟೆಯಲ್ಲಿ ಮೂರು ಮೀನು, ನಾನು ಹೇಗಿಟ್ಟಿದ್ದೆನೋ ಹಾಗೇ. ನಿಂಬೆ ಹೋಳನ್ನೂ ಹಿಂಡಿಲ್ಲ. ಸೌತೆಕಾಯಿ ಮಾತ್ರ ತಿಂದಿದ್ದರು, ಅನ್ನ ಒಂದು ಬೆರಳಷ್ಟು ಕೆದಕಿದ್ದರು.

ನನ್ನ ಮುಖ ಸಪ್ಪಗಾಯ್ತು. ಅವಳೇ ಸಮಾಧಾನ ಮಾಡಿದಳು. "ನಿನ್ನ ಮೀನಿಗೆ ಏನೂ ಆಗಿಲ್ಲ. ಇವರು ಬೇರೆ ಎಲ್ಲೋ ಹೊಟ್ಟೆ ತುಂಬ ತಿಂದು ಬಂದಿದ್ದಾರೆ. ಒಬ್ಬರು ಬಿಟ್ಟರೆ ರುಚಿ, ಮೂವರೂ ಬಿಟ್ಟರೆ ಹೊಟ್ಟೆಯಲ್ಲಿ ಜಾಗ ಇಲ್ಲ ಅಂತ ಅರ್ಥ." ಬಡಿಸುವವನೂ ಹೌದು ಅಂದ. ಯಾರದೋ ಹೊಸ ಅಂಗಡಿ ಶುರುವಾಗಿತ್ತಂತೆ, ಅಲ್ಲಿ ಊಟ ಮುಗಿಸಿದ್ದರಂತೆ, ನಾದಿನಿಗೆ ನಮ್ಮ ಹೋಟೆಲ್ ತೋರಿಸಬೇಕು ಅಂತ ಬಂದು ಕೂತರಂತೆ. ಅಷ್ಟು ಒಳ್ಳೆ ಮೀನು ತಿಪ್ಪೆಗೆ ಹೋಯ್ತು. ಅವಳು ಅದನ್ನ ಬಕೆಟ್ಟಿಗೆ ಹಾಕುವಾಗ ಮುಖ ಆ ಕಡೆ ತಿರುಗಿಸಿಕೊಂಡಿದ್ದಳು.

ಮಾರನೇ ದಿನ ಎಂಟು ಮೇಜೂ ತುಂಬಿದ್ದ ಹೊತ್ತು. ಔಷಧಿ ಅಂಗಡಿಯವನು ಬಂದು ಗಲ್ಲಾ ಮುಂದೆ ನಿಂತು ಕೂಗಾಡೋಕೆ ಶುರು ಮಾಡಿದ. ಮನೆಯಲ್ಲಿ ಮೂವರಿಗೂ ವಾಂತಿಯಂತೆ. ನಿಮ್ಮ ಮೀನೇ ಕಾರಣವಂತೆ. ಆರೋಗ್ಯ ಇಲಾಖೆಗೆ ಬರೆದು ಹೋಟೆಲಿಗೆ ಬೀಗ ಹಾಕಿಸ್ತಾನಂತೆ. ಯಜಮಾನ ನನ್ನನ್ನ ಹೊರಗೆ ಕರೆದ. ಎಲ್ಲರೂ ನನ್ನ ಮುಖವನ್ನೇ ನೋಡ್ತಿದ್ದರು. ಮೀನು ತಾಜಾ ಇತ್ತು ಅಂದೆ, ಅಷ್ಟೇ.

ಆಗ ಕಿಂಡಿಯಿಂದ ಅವಳ ದನಿ ಬಂತು. "ಅವರು ಮೀನು ಮುಟ್ಟೇ ಇಲ್ಲ ಯಜಮಾನ್ರೇ. ಮೂರೂ ತಟ್ಟೆ ನಾನೇ ಖಾಲಿ ಮಾಡಿದ್ದು. ನಿಂಬೆಹಣ್ಣು ಕೂಡ ಹಾಗೇ ಇತ್ತು."

"ಯಾರದು ಮಾತಾಡ್ತಿರೋದು?" ಅಂದ ಔಷಧಿ ಅಂಗಡಿಯವನು.

"ತಟ್ಟೆ ತೊಳೆಯೋಳು" ಅಂದ ಯಜಮಾನ.

"ಎಂಜಲು ತೊಳೆಯೋಳು ನನಗೆ ಸುಳ್ಳುಗಾರ ಅಂತಾಳಾ?"

ನೋಡಿ, ಮೀನು ತಿಂದೆಯಾ ಇಲ್ಲವಾ ಅನ್ನೋ ಪ್ರಶ್ನೆಗೆ ಅವನು ಉತ್ತರವನ್ನೇ ಕೊಡಲಿಲ್ಲ. ಯಾರೂ ಕೇಳಲೂ ಇಲ್ಲ. ಯಜಮಾನ ಒಂದು ಗಳಿಗೆ ಯೋಚನೆ ಮಾಡಿದ. ಮೀನು ಕೆಟ್ಟಿತ್ತು ಅಂದರೆ ಹೋಟೆಲಿನ ಹೆಸರು ಹೋಗುತ್ತೆ, ಗಿರಾಕಿ ಸುಳ್ಳು ಹೇಳ್ತಿದ್ದಾನೆ ಅಂದರೆ ಇಲಾಖೆಯವರು ಬರ್ತಾರೆ. ಅವನಿಗೆ ಮೂರನೇ ದಾರಿ ಹೊಳೀತು.

"ಮೀನಿಂದಲ್ಲ ಸ್ವಾಮಿ. ತಟ್ಟೆಯಲ್ಲಿ ಸೋಪು ಉಳಿದಿರುತ್ತೆ. ಇವಳ ಕೈ ನೆಟ್ಟಗಿಲ್ಲ, ಗಲೀಜು. ಮೊದಲಿಂದಲೂ ಹೇಳ್ತಾನೇ ಇದೀನಿ. ಇವತ್ತೇ ತೆಗೆದುಹಾಕ್ತೀನಿ." ಆಮೇಲೆ ನನ್ನ ಕಡೆ ತಿರುಗಿದ. "ಅಲ್ವೇನಯ್ಯ?"

ನನಗೆ ಇಬ್ಬರು ಹೆಣ್ಣುಮಕ್ಕಳು. ಈ ವಯಸ್ಸಲ್ಲಿ ಇನ್ನೊಂದು ಒಲೆ ಯಾರು ಕೊಡ್ತಾರೆ ಅಂತ ತಲೇಲಿ ಬಂತು. ನೆಪ ಹೇಳ್ತಿಲ್ಲ, ಬಂದದ್ದನ್ನ ಹೇಳ್ತಿದೀನಿ.

"ಹೂಂ" ಅಂದೆ.

ಅವಳು ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಂಡಳು. ಮೊಳೆಗೆ ನೇತು ಹಾಕಿದ್ದ ಚೀಲ ತಗೊಂಡು ಹಿಂಬಾಗಿಲಿಂದ ಹೋದಳು. ತೊಟ್ಟಿಯಲ್ಲಿ ಅರ್ಧ ತೊಳೆದ ತಟ್ಟೆಗಳು ಹಾಗೇ ಇದ್ದವು.

ಮೂರು ದಿನಕ್ಕೆ ಹೊಸಬಳು ಬಂದಳು. ಒಳ್ಳೆಯವಳೇ, ಬಾಯಿ ಬಿಡಲ್ಲ. ನನ್ನ ಉಪ್ಪು ಜಾಸ್ತಿಯೋ ಕಮ್ಮಿಯೋ ಹೇಳೋರು ಯಾರೂ ಇರಲಿಲ್ಲ. ಜಡ್ಜಮ್ಮ ಬೀದಿಯ ನಾಲ್ಕು ಹೋಟೆಲಿಗೂ ಹೋಗಿ ಕೆಲಸ ಕೇಳಿದಳಂತೆ. ಜನಕ್ಕೆ ವಾಂತಿ ಮಾಡಿಸಿದೋಳು ನೀನೇ ತಾನೇ ಅಂತ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರಂತೆ. ಅವಳು ತಿಂಗಳಿಗೊಮ್ಮೆ ಗಂಡನ ಜೊತೆ ಕೂತು ಉಣ್ಣುತ್ತಿದ್ದ ಹೋಟೆಲಿನವನೂ ಹಾಗೇ ಅಂದನಂತೆ. ಗಡಿಯಾರ ರಿಪೇರಿಯವರು ಇದನ್ನ ನನಗೆ ಹೇಳಿದಾಗ ಅವರ ಮುಖ ನೋಡೋಕೆ ನನ್ನಿಂದ ಆಗಲಿಲ್ಲ.

ಇನ್ನೊಂದು ಕೇಳಿ. ವಾರ ಕಳೀತು, ಔಷಧಿ ಅಂಗಡಿಯವನು ಊಟಕ್ಕೆ ಬಂದ. ಅದೇ ಮೀನೇ ಬೇಕಂತೆ. ಎರಡು ತಿಂದ. ತಟ್ಟೆಯಲ್ಲಿ ಮುಳ್ಳು ಬಿಟ್ಟು ಇನ್ನೇನೂ ಉಳಿದಿರಲಿಲ್ಲ. ಅವನಿಗೆ ನಾಚಿಕೆ ಅನ್ನೋದು ಇದ್ದಿದ್ದರೆ ಆ ಮುಳ್ಳು ಗಂಟಲಲ್ಲಿ ಸಿಕ್ಕಬೇಕಿತ್ತು. ಮನೆಗೆ ಬಂದು ಹೆಂಡತಿ ಮುಂದೆ ಒಂದು ಗಂಟೆ ಹಾರಾಡಿದೆ. ಅವಳು ಬಟ್ಟೆ ಮಡಚುತ್ತಾ ಎಲ್ಲ ಕೇಳಿಸಿಕೊಂಡಳು. "ಅಲ್ಲಿ ಬಾಯಿಗೆ ಬೀಗ ಹಾಕ್ಕೊಂಡು ಬಂದು ಇಲ್ಲಿ ನನ್ನ ಮುಂದೆ ಯಾಕೆ ಕೂಗ್ತೀರಿ? ಅವಳ ಮನೆ ಎಲ್ಲಿ ಅಂತ ಗೊತ್ತಲ್ಲ" ಅಂದಳು.

ಭಾನುವಾರ ಹೋದೆ. ಒಂದೇ ಕೋಣೆ, ಮೂಲೆಯಲ್ಲಿ ಒಲೆ, ಬಾಗಿಲ ಹತ್ತಿರ ಗಂಡನ ಹೊಲಿಗೆ ಮೆಷಿನ್ನು, ಹತ್ತಿಯ ಮೂಟೆ. ಅತ್ತೆ ಗೋಡೆಗೆ ಒರಗಿ ಕೂತು ನನ್ನನ್ನ ಮೇಲಿಂದ ಕೆಳಗೆ ನೋಡಿದಳು. "ಇವನೇನಾ?" ಅಂದಳು. ಜಡ್ಜಮ್ಮ ಹೌದು ಅಂದು ನನಗೂ ಒಂದು ತಟ್ಟೆ ಇಟ್ಟಳು.

ಬಿಸಿ ಅನ್ನ, ಬದನೆಕಾಯಿ ಪಲ್ಯ. ಹನ್ನೊಂದು ವರ್ಷ ಅವಳು ಬಾಯಲ್ಲಿ ಹೇಳಿದ್ದನ್ನ ಅವತ್ತು ತಿಂದೆ. ಈರುಳ್ಳಿ ಎಲ್ಲಿದೆ ಅಂತ ಗೊತ್ತಾಗದ ಹಾಗೆ ಕರಗಿತ್ತು, ಬದನೆಕಾಯಿ ಮಾತ್ರ ಮುರಿದಿರಲಿಲ್ಲ. ನನ್ನ ಕೈಯಲ್ಲಿ ಯಾವತ್ತೂ ಹಾಗೆ ಬಂದಿಲ್ಲ, ಇದನ್ನ ಬೇರೆ ಯಾರ ಹತ್ತಿರವೂ ಒಪ್ಪಿಕೊಂಡಿಲ್ಲ. ಗಂಡ ಇನ್ನೊಂದು ಸೌಟು ಹಾಕು ಅಂದ, ಅತ್ತೆ ನನಗೂ ಅಂದಳು, ಒಬ್ಬರ ಕೈ ಒಬ್ಬರಿಗೆ ತಾಗ್ತಿತ್ತು. ಆ ಸುಖದ ಮಧ್ಯೆ ನಾನು ಕೂತಿದ್ದೆ.

"ಅಕ್ಕ, ಅವತ್ತು..." ಅಂತ ಶುರು ಮಾಡಿದೆ.

"ಊಟ ಮುಗಿಸು ಮೊದಲು."

ಮುಗಿಸಿದೆ. ಕೈ ತೊಳೆದೆ. ಆಮೇಲೆ ಅವಳೇ ಮಾತು ತೆಗೆದಳು. "ಆ ಕೆಲಸ ನನಗೆ ಬೇಡ. ಆಫೀಸಿನ ಕಟ್ಟಡದಲ್ಲಿ ನೆಲ ಒರೆಸೋಕೆ ಸೇರಿದೀನಿ. ಆದರೆ ನನ್ನ ಕೈ ಗಲೀಜು ಅಂದರಲ್ಲ, ಅದನ್ನ ಹೊತ್ತುಕೊಂಡು ಓಡಾಡೋಕೆ ಆಗ್ತಿಲ್ಲ. ನೀನು ಎಲ್ಲಿ ಹೂಂ ಅಂದೆಯೋ ಅಲ್ಲೇ ನಿಂತು ಇಲ್ಲ ಅನ್ನು. ಜನ ಇರುವಾಗ ಅನ್ನು."

"ಯಜಮಾನ ನನ್ನ ಕೆಲಸ ತೆಗೀತಾನಕ್ಕ."

"ತೆಗೀಬಹುದು. ನನ್ನದು ತೆಗೆದರಲ್ಲ."

ಆಯ್ತು ಅಂತ ಹೇಳಿ ಬಂದೆ. ಬಂದವನು ಒಂಬತ್ತು ದಿನ ಮುಂದೂಡಿದೆ. ಇವತ್ತು ಜನ ಕಮ್ಮಿ, ನಾಳೆ ಯಜಮಾನನ ಮುಖ ಸರಿಯಿಲ್ಲ, ಹೀಗೇ. ಹತ್ತನೇ ದಿನ ಔಷಧಿ ಅಂಗಡಿಯವನು ಮತ್ತೆ ಬಂದು ಮೀನು ಕೇಳಿದ. ಹುರಿದು ಕಳಿಸಿ, ಅದರ ಹಿಂದೆಯೇ ಸೌಟು ಕೈಯಲ್ಲಿ ಹಿಡ್ಕೊಂಡೇ ಹೊರಗೆ ಬಂದುಬಿಟ್ಟೆ.

"ಎಲ್ಲರೂ ಒಂದು ಮಾತು ಕೇಳಿ" ಅಂದೆ. "ಅವತ್ತು ಇವರು ಮೀನು ತಿಂದಿರಲಿಲ್ಲ. ಮೂರೂ ತಟ್ಟೆ ನಾನು ಕಣ್ಣಾರೆ ನೋಡಿದೀನಿ. ಜಡ್ಜಮ್ಮನ ಕೈ ಗಲೀಜಲ್ಲ. ಹನ್ನೊಂದು ವರ್ಷ ನೀವೆಲ್ಲ ಅವಳು ತೊಳೆದ ತಟ್ಟೆಯಲ್ಲೇ ತಿಂದಿದೀರಿ, ಯಾರಿಗೆ ಏನಾಗಿದೆ? ನಾನು ಅವತ್ತು ಹೂಂ ಅಂದದ್ದು ಸುಳ್ಳು. ಹೆದರಿ ಅಂದೆ."

ಔಷಧಿ ಅಂಗಡಿಯವನು ಮುಖ ಎತ್ತಲಿಲ್ಲ. "ಆಗಿಹೋದದ್ದು ಬಿಡಯ್ಯ" ಅಂದು ಮೀನಿನ ಮುಳ್ಳು ಬಿಡಿಸ್ತಾ ಕೂತ. ಗಡಿಯಾರ ರಿಪೇರಿಯವರು ಮಾತ್ರ ಎದ್ದು ನಿಂತು "ಈ ಮಾತನ್ನ ನಾಲ್ಕೂ ಹೋಟೆಲಿಗೆ ನಾನು ಮುಟ್ಟಿಸ್ತೀನಿ" ಅಂದರು. ಉಳಿದವರು ಒಂದು ಗಳಿಗೆ ನೋಡಿ ತಟ್ಟೆ ಕಡೆ ಬಗ್ಗಿದರು.

ನಾನು ಸೊಂಟಕ್ಕೆ ಕಟ್ಟಿದ್ದ ಅಡುಗೆ ಬಟ್ಟೆ ಬಿಚ್ಚಿ ಗಲ್ಲಾ ಮೇಲಿಟ್ಟೆ. ಬೈಗುಳಕ್ಕೆ ಕಾದು ನಿಂತೆ. ಯಜಮಾನ ಚಿಲ್ಲರೆ ಎಣಿಸ್ತಿದ್ದವನು ಆ ಬಟ್ಟೆಯನ್ನ ನನ್ನ ಕಡೆಗೇ ತಳ್ಳಿದ. "ಹೇಳಿದ್ದಾಯ್ತಲ್ಲ? ಒಳಗೆ ಹೋಗು. ಅನ್ನ ತಳ ಹಿಡೀತಿದೆ" ಅಂದ.

ಸಂಜೆ ಅವಳು ಕೆಲಸ ಮಾಡೋ ಕಟ್ಟಡಕ್ಕೆ ಹೋದೆ. ಮೆಟ್ಟಿಲ ಹತ್ತಿರ ಬಕೆಟ್ಟಿನಲ್ಲಿ ಬಟ್ಟೆ ಹಿಂಡ್ತಿದ್ದಳು. ಜನರ ಮುಂದೆ ಹೇಳಿದೆ ಅಕ್ಕ ಅಂದೆ. ಏನೇನು ಹೇಳಿದೆ ಅಂತ ಕೇಳಿದಳು, ಒಂದೊಂದು ಮಾತೂ ಒಪ್ಪಿಸಿದೆ. ತಲೆ ತಗ್ಗಿಸಿ ಕೇಳಿಸಿಕೊಂಡಳು.

"ಯಜಮಾನ್ರು ಏನಂದರು?"

"ಒಳಗೆ ಹೋಗು, ಅನ್ನ ತಳ ಹಿಡೀತಿದೆ ಅಂದ."

"ಅಷ್ಟೇನಾ?"

"ಅಷ್ಟೇ. ಬೈಯಲೂ ಇಲ್ಲ."

ಅವಳು ಹಿಂಡ್ತಿದ್ದ ಕೈ ನಿಂತಿತು. ನನ್ನ ಮುಖವನ್ನೇ ನೋಡಿದಳು.

"ಇಷ್ಟಕ್ಕೇನಾ ನೀನು ಅವತ್ತು ಹೂಂ ಅಂದದ್ದು?"

ಅವಳು ಬಕೆಟ್ಟು ಎತ್ತಿಕೊಂಡಳು. ಮೂರನೇ ಮಹಡಿ ಒರೆಸೋದು ಇನ್ನೂ ಬಾಕಿ ಇದೆ ಅಂತ ಹೇಳಿ ಮೆಟ್ಟಿಲು ಹತ್ತಿ ಹೋದಳು.