ಬಾಗಿಲಿನವರ ನಡುವೆ ಒಂದು ಸಾಲು

ಲೇವಾರ್ಡನ್ ಊರಿನ ಚಿಟ್ಸ್ಕೆ ತಿದಿ ಎಳೆದು ನುಡಿಸುವ ಅಕಾರ್ಡಿಯನ್ ವಾದ್ಯದ ರಿಪೇರಿಯಲ್ಲಿ ಕೈ ಪಳಗಿದವಳು. ಗಿರಾಕಿಗಳು ಕಡಿಮೆಯಾದಾಗ, ಇಂಟರ್ನೆಟ್ಟಿನಲ್ಲಿ ಹುಡುಕುವವರಿಗೆ ಮೊದಲು ಕಾಣುವಂತೆ ಜಾಹೀರಾತು ಹಾಕಿದಳು. ಅದಕ್ಕೆ ಕೊಟ್ಟ ಪದ 'ಹಾರ್ಮೋನಿಕಾ ರಿಪೇರಿ'. ಆ ಊರಿನ ಭಾಷೆಯಲ್ಲಿ ಅಕಾರ್ಡಿಯನ್ನಿಗೂ ಹಾರ್ಮೋನಿಕಾ ಎನ್ನುತ್ತಾರೆ, ಮಡಚುವ ಬಾಗಿಲಿಗೂ ಅದೇ ಹೆಸರು. ವಾರವಿಡೀ ಬಾಗಿಲು ಕೆಟ್ಟವರೇ ಫೋನ್ ಮಾಡಿದರು.

"ಇನ್ನು ಬಾಗಿಲು ರಿಪೇರಿನೇ ಕಲ್ತ್‌ಬಿಡು ಕಣೆ," ಎಂದು ಅಕ್ಕ ಹಿಲ್ಕೆ ನಕ್ಕಳು.

"ನಗ್ಬೇಡ ಅಕ್ಕ. ಜನ ಏನಂತ ಹುಡುಕ್ತಾರೋ ನೋಡೋಣ ಬಾ."

ಜನ ಹುಡುಕಿದ ಮಾತುಗಳ ಪಟ್ಟಿ ಜಾಹೀರಾತಿನ ಪುಟದಲ್ಲೇ ಇತ್ತು. ಬಾಗಿಲಿನ ಮಾತುಗಳ ನಡುವೆ ಒಬ್ಬರು ಬರೆದಿದ್ದರು: 'ಅಪ್ಪನ ಹಾರ್ಮೋನಿಕಾ ದನಿ ಬರುತ್ತಿಲ್ಲ.' ಚಿಟ್ಸ್ಕೆ ಬಾಗಿಲು ಹುಡುಕುವವರಿಗೆ ಜಾಹೀರಾತು ಕಾಣದಂತೆ ಮಾಡಿ, 'ಅಪ್ಪನ ಹಾರ್ಮೋನಿಕಾ ಮತ್ತೆ ನುಡಿಯಬೇಕೇ?' ಎಂದು ಹೊಸದಾಗಿ ಬರೆದಳು.

ಗುರುವಾರ ಹತ್ತಿರದ ಡೊಕ್ಕುಮ್ ಊರಿನಿಂದ ಸಿಬ್ರೆನ್ ಎಂಬ ಹಾಲಿನ ಲಾರಿ ಚಾಲಕ ತನ್ನ ಅಪ್ಪನ ಹಾರ್ಮೋನಿಕಾ ಇದ್ದ ಪೆಟ್ಟಿಗೆ ಹೊತ್ತು ಬಂದ. ಚಿಟ್ಸ್ಕೆ ಹರಿದ ತಿದಿಗೆ ಹೊಸ ಚರ್ಮ ಹಾಕಿ, ಹತ್ತು ದಿನದ ಮೇಲೆ ಅವನು ಮತ್ತೆ ಬಂದಾಗ ಅವನೆದುರೇ ಒಂದು ಸ್ವರ ಎಳೆದಳು. ಅವನ ಕಣ್ಣು ತುಂಬಿತು.

"ನಂಗೆ ನುಡಿಸೋಕೆ ಬರಲ್ಲ ಮೇಡಂ," ಎಂದ.

"ಅದಕ್ಕೇನಂತೆ, ಕೂತ್ಕೊಳ್ಳಿ. ಒಂದು ಹಾಡಾದ್ರೂ ಕಲ್ತು ಹೋಗಿ," ಎಂದು ಚಿಟ್ಸ್ಕೆ ಹಾರ್ಮೋನಿಕಾದ ಪಟ್ಟಿಯನ್ನು ಅವನ ಹೆಗಲಿಗೆ ಹಾಕಿದಳು.