ಸಾರ್ ದನಿಯಲ್ಲಿ ಒಂದು ಶಿಫಾರಸು

ತಪ್ಪು ನನ್ನದೇ. ಗೈಡ್ ಸಾರ್ ಮೇಜಿನ ಮೇಲೆ ಬಿಟ್ಟುಹೋಗಿದ್ದ ಫೋನು ಹೊಡೆದುಕೊಂಡಾಗ ಎತ್ತಿ, ಅವರದೇ ದನಿಯಲ್ಲಿ ಮಾತಾಡಿದೆ. ಆ ಕಡೆ ವಿಶ್ವವಿದ್ಯಾಲಯದಲ್ಲಿ ಅನುದಾನ ನೋಡಿಕೊಳ್ಳುವ ಮೇಡಂ. ಬಂದಳಿಕೆ ಸುತ್ತಿನ ಕುರಿಗಾಹಿಗಳು ಕುರಿ ಕರೆಯುವ ಕೂಗುಗಳನ್ನು ಕಲಿತು ಸಂಶೋಧನೆ ಮಾಡಲು, ಶಿಕಾರಿಪುರದ ನಮ್ಮ ಡಿಗ್ರಿ ಕಾಲೇಜಿನಿಂದ ನಾನು ಅನುದಾನಕ್ಕೆ ಅರ್ಜಿ ಹಾಕಿದ್ದೆ.

“ಹುಡುಗ ಹೆಂಗೆ ಸಾರ್? ದುಡ್ಡು ಕೊಟ್ರೆ ಕೆಲಸ ಮಾಡ್ತಾನಾ?”

“ಬಂಗಾರ ಕಣ್ರೀ. ಸ್ವಲ್ಪ ತಲೆಹರಟೆ, ಅಷ್ಟೇ,” ಎಂದು ಸಾರ್ ಥರಾನೇ ಕೆಮ್ಮಿದೆ.

ತಿರುಗಿದರೆ ಬಾಗಿಲಲ್ಲಿ ಸಾರ್. ಅನುದಾನ ಹೋಯ್ತು, ಡಿಗ್ರಿಯೂ ಹೋಯ್ತೇನೋ ಅಂದುಕೊಂಡೆ. ಅವರು ಫೋನು ಕಸಿದುಕೊಂಡು ಹೇಳಿದ ಮಾತಿಗೆ ಮೇಡಂ ನಕ್ಕು ಒಪ್ಪಿದರು, ನನಗೆ ಹೋದ ಜೀವ ಬಂತು:

“ಇಷ್ಟೊತ್ತು ಮಾತಾಡಿದ್ದು ನಾನಲ್ಲ ರೀ, ಆ ಹುಡುಗನೇ. ಕೂಗು ಕಲಿಯೋ ಪ್ರಾಜೆಕ್ಟಿಗೆ ಇದಕ್ಕಿಂತ ದೊಡ್ಡ ಪುರಾವೆ ಬೇಕಾ?”