ಟಿ.ವಿ.ಯ ಅಡಿಯಲ್ಲಿ ಓಡುವ ಸತ್ತವರು

ನಮ್ಮ ಮನೆಯ ಕೇಬಲ್ ತೆಗೆಸಿದ್ದು ನಾನು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ಆದದ್ದಕ್ಕೆಲ್ಲ ಮನೆಯವರು ನನ್ನ ಕಡೆಗೇ ಬೆರಳು ತೋರಿಸುತ್ತಾರೆ, ತೋರಿಸುವುದರಲ್ಲಿ ತಪ್ಪೇನೂ ಇಲ್ಲ.

ನರಿಮೊಗರಿನ ನಮ್ಮ ಮನೆಯ ಚಾವಡಿಯಲ್ಲಿ ನಾನು ರವಿಕೆ ಹೊಲಿಯುತ್ತೇನೆ. ಟಿ.ವಿ. ಇರುವುದೂ ಅಲ್ಲೇ. ಹೊಲಿಯುವವಳ ಕೈಗೂ ಕಾಲಿಗೂ ಕೆಲಸವಿರುತ್ತದೆ, ಕಿವಿ ಮಾತ್ರ ಇಡೀ ದಿನ ಖಾಲಿ. ಆ ಖಾಲಿ ಕಿವಿಗೆ ಕೇಬಲಿನವರು ತುಂಬಿಸುತ್ತಿದ್ದದ್ದು ಅತ್ತೆ ಸೊಸೆಯರ ಜಗಳ. ನನ್ನ ಅತ್ತೆ ತೀರಿಕೊಂಡು ಹತ್ತು ವರ್ಷವಾಯಿತು. ಬೇರೆ ಯಾರದೋ ಅತ್ತೆಯ ಬೈಗುಳವನ್ನು ನಾನೇಕೆ ಕೇಳಬೇಕು? ಸಾಲದ್ದಕ್ಕೆ ಗಾಳಿ ಬಂದರೆ ಕೇಬಲ್ ಇಲ್ಲ, ಗುಡುಗು ಬಂದರೆ ಕೇಬಲ್ ಇಲ್ಲ. ಫೋನ್ ಮಾಡಿದರೆ "ಅದು ಮೇಲಿಂದಲೇ ಹೋಗಿದೆ ಅಕ್ಕ" ಎಂಬ ಉತ್ತರ. ಮೇಲಿಂದ ಎಂದರೆ ಎಲ್ಲಿಂದ ಎಂದು ಇಷ್ಟು ವರ್ಷದಲ್ಲಿ ಒಬ್ಬರೂ ಹೇಳಿದ್ದಿಲ್ಲ. ನಮ್ಮ ರಸ್ತೆಗೆ ಇಂಟರ್ನೆಟ್ಟಿನ ಹೊಸ ತಂತಿ ಬಂದ ವಾರವೇ ನಾನು ಕೇಬಲಿಗೆ ಎಳ್ಳುನೀರು ಬಿಟ್ಟೆ.

ಗಂಡ ಅಡ್ಡ ಹೇಳಲಿಲ್ಲ. ಅವರು ಯಾವುದಕ್ಕೂ ಅಡ್ಡ ಹೇಳುವವರಲ್ಲ. ಅಡ್ಡ ಬಂದದ್ದು ಮಾವ.

ಮಾವನಿಗೆ ಎಂಬತ್ತೆರಡು ವರ್ಷ. ಮೂವತ್ತು ವರ್ಷ ಪುತ್ತೂರು ಕಾಣಿಯೂರು ಲೈನಿನಲ್ಲಿ ಸರ್ವಿಸ್ ಜೀಪು ಓಡಿಸಿದವರು. ಒಳಗೆ ಹದಿನೈದು, ಹಿಂದೆ ನೇತಾಡಿಕೊಂಡು ಐದು, ಬಾನೆಟ್ಟಿನ ಮೇಲೆ ಒಂದೆರಡು ಕೋಳಿ. ಅವರಿಗೆ ಟಿ.ವಿ.ಯಲ್ಲಿ ಬೇಕಾದದ್ದು ಒಂದೇ. ಸಂಜೆ ಏಳು ಗಂಟೆಗೆ ನಮ್ಮ ಊರಿನ ಚಾನೆಲ್ಲಿನ ಅಡಿಯಲ್ಲಿ ಓಡುವ ಸಾಲು. ಪುತ್ತೂರು, ಸುಳ್ಯ, ಕಡಬ, ಮೂರೂ ತಾಲೂಕುಗಳಲ್ಲಿ ಆ ದಿನ ಸತ್ತವರೆಲ್ಲ ಅಲ್ಲಿ ಬಲದಿಂದ ಎಡಕ್ಕೆ ಓಡುತ್ತಾರೆ. ನಡುನಡುವೆ ಹಾಸಿಗೆ ಅಂಗಡಿಯ ಜಾಹೀರಾತು. ಸ್ವಲ್ಪ ದೊಡ್ಡ ಮನೆಯವರಾದರೆ ಮೂಲೆಯಲ್ಲಿ ಹಾರ ಹಾಕಿದ ಫೋಟೋ ಕೂಡ.

ಮಾವನ ಮಟ್ಟಿಗೆ ಅದು ಸಾವಿನ ಸುದ್ದಿಯಲ್ಲ, ಅವರ ಜೀಪಿನ ಹಾಜರಿ ಪುಸ್ತಕ. ಸತ್ತವರೆಲ್ಲ ಅವರ ಪ್ಯಾಸೆಂಜರುಗಳೇ.

"ಇವಳು ಸವಣೂರಲ್ಲಿ ಇಳಿಯುವವಳು. ಇಳಿದು ಆದ ಮೇಲೆ ಚಿಲ್ಲರೆ ಹುಡುಕುದು. ಅಷ್ಟರವರೆಗೆ ಎಲ್ಲ ಕಾಯ್ಬೇಕು."

"ಇವ ಎದುರು ಸೀಟು ಸಿಗದಿದ್ರೆ ಹತ್ತುವವನೇ ಅಲ್ಲ. ಈಗ ಹೇಗೆ ಹೋದ ಮಾರಾಯ್ತಿ?"

ಕಣ್ಣೀರು ಗಿಣ್ಣೀರು ಇಲ್ಲ. ಆದರೆ ಹಾಗೆ ಓಡುವ ಸಾಲಿನಲ್ಲಿ ಮಾವ ನಿಜವಾಗಿ ಹುಡುಕುತ್ತಿದ್ದದ್ದು ಒಂದೇ ಹೆಸರನ್ನು. ಕಾಣಿಯೂರಿನವರೊಬ್ಬರು, ಅದೇ ಲೈನಿನ ಇನ್ನೊಬ್ಬ ಜೀಪಿನವರು. ಒಂದು ಕಾಲದಲ್ಲಿ ಒಂದೇ ಲೋಟದ ಚಹಾವನ್ನು ಇಬ್ಬರೂ ಕುಡಿದವರು. ಸ್ಟ್ಯಾಂಡಿನಲ್ಲಿ ಜೀಪುಗಳಿಗೆ ಸರದಿ ಇರುತ್ತಿತ್ತು. ಮುಂದಿನದು ತುಂಬಿ ಹೊರಡದೆ ಹಿಂದಿನದಕ್ಕೆ ಜನ ಹತ್ತಿಸುವಂತಿಲ್ಲ. ಒಂದು ದಿನ ಮಾವನ ಸರದಿಯಲ್ಲಿ ಆ ಮನುಷ್ಯ ಒಂದು ಮದುವೆ ದಿಬ್ಬಣವನ್ನೇ ಹತ್ತಿಸಿಕೊಂಡು ಹೋದರು. ಆವತ್ತು ನಿಂತ ಮಾತು ಮತ್ತೆ ಶುರುವಾಗಲಿಲ್ಲ. ಇಬ್ಬರೂ ಜೀಪು ಮಾರಿದರು, ಇಬ್ಬರ ಮಕ್ಕಳ ಮದುವೆಯೂ ಆಯಿತು, ಇವರು ಅವರನ್ನು ಕರೆಯಲಿಲ್ಲ, ಅವರು ಇವರನ್ನು ಕರೆಯಲಿಲ್ಲ.

"ಅವ ಸತ್ತರೆ ಮಾತ್ರ ಹೋಗ್ತೇನೆ" ಎಂದು ಮಾವ ಆಗಾಗ ಹೇಳುತ್ತಿದ್ದರು. ಹೇಳುವಾಗ ಸಿಟ್ಟು ಇರುತ್ತಿತ್ತು, ಆದರೆ ಮಾತು ನಿಜ. ನಮ್ಮಲ್ಲಿ ಶುಭಕಾರ್ಯಕ್ಕೆ ಕರೆಯದೆ ಹೋದರೆ ಮರ್ಯಾದೆ ಹೋಗುತ್ತದೆ. ಸಾವಿಗೆ ಕರೆಯುವ ಕ್ರಮವೇ ಇಲ್ಲ. ಸುದ್ದಿ ಸಿಕ್ಕಿದವ ಹೋಗಬೇಕು, ಹಗೆ ಇದ್ದರೂ ಹೋಗಬೇಕು. ಮಾವ ತಮ್ಮ ಸಿಟ್ಟಿಗೆ ಇಟ್ಟುಕೊಂಡಿದ್ದ ಹೊರದಾರಿ ಅದೊಂದೇ, ಅದು ತೆರೆಯುವುದು ಆ ಸಾಲಿನಲ್ಲಿ ಹೆಸರು ಓಡಿದ ದಿನ. ನಾನು ಕತ್ತರಿ ಹಾಕಿದ್ದು ಅದಕ್ಕೇ ಎಂದು ಆಗ ನನಗೆ ಹೊಳೆಯಲಿಲ್ಲ.

"ಸತ್ತವರ ಸುದ್ದಿ ಇನ್ನು ಎಲ್ಲಿ ನೋಡುದು?" ಎಂದು ಮಾವ ಕೇಳಿದರು.

"ಎಲ್ಲ ಫೋನಿನಲ್ಲೇ ಬರ್ತದೆ ಮಾವ. ನಾನು ಹೇಳ್ತೇನೆ" ಎಂದು ಭರವಸೆ ಕೊಟ್ಟೆ. ಕೊಡುವುದಕ್ಕೇನು, ಬಾಯಿ ನನ್ನದೇ.

ಇಂಟರ್ನೆಟ್ಟಿಗೆಂದು ತಂದ ಹೊಸ ಟಿ.ವಿ. ಮೊದಲ ದಿನವೇ "ನೋಡುತ್ತಿರುವವರು ಯಾರು?" ಎಂದು ವಿಚಾರಿಸಿತು. ಮಾವನ ಹೆಸರು ಹಾಕಿ, ಪಕ್ಕದಲ್ಲಿ ಒಂದು ಪಾಂಡದ ಮುಖ ಇಟ್ಟೆ. ಮಾವ ಅದನ್ನು ತುಂಬ ಹೊತ್ತು ನೋಡಿ, "ಇದು ಯಾರು, ನಿನ್ನ ಅಪ್ಪನಾ?" ಎಂದರು. ಹಳೆಯ ಯಕ್ಷಗಾನವೊಂದನ್ನು ಹಾಕಿ ಕೊಟ್ಟರೆ ಅರ್ಧದಲ್ಲಿ ಅದು ನಿಂತು, "ಇನ್ನೂ ಇದ್ದೀರಾ?" ಎಂದು ಕೇಳಿತು. ಮಾವ ಕುರ್ಚಿಯಲ್ಲೇ ನೆಟ್ಟಗೆ ಕುಳಿತು, "ಇದ್ದೇನೆ ಮಾರಾಯ, ಇದ್ದೇನೆ. ನಿನಗೆಂತ ಅವಸರ?" ಎಂದು ಅದಕ್ಕೆ ಉತ್ತರ ಕೊಟ್ಟರು. ನಾನು ಮಲಯಾಳಂ ಕೊಲೆ ಸಿನಿಮಾ ನೋಡುತ್ತಾ ನೆಮ್ಮದಿಯಾಗಿ ರವಿಕೆಗೆ ತೋಳು ಹಚ್ಚಿದೆ. ಏಳು ಗಂಟೆಗೆ ಮಾವ ಬಂದು ಕುಳಿತು, ಕೊಲೆಯಾದವನು ನಮ್ಮ ತಾಲೂಕಿನವನಲ್ಲ ಎಂದು ಖಚಿತ ಮಾಡಿಕೊಂಡು ಎದ್ದು ಹೋಗುತ್ತಿದ್ದರು.

ಮೂರು ತಿಂಗಳು ಹೀಗೆ ಕಳೆಯಿತು. ಒಂದು ಭಾನುವಾರ ಬೆಳಿಗ್ಗೆ ಮಾವ ಗೇಟಿನ ಹತ್ತಿರದಿಂದ ಬೇಗಬೇಗ ಬಂದರು. ಶಾಮಿಯಾನದ ಕಂಬ, ಕೆಂಪು ಕುರ್ಚಿ ಹೇರಿಕೊಂಡು ಒಂದು ಪಿಕಪ್ ಕಾಣಿಯೂರು ಕಡೆಗೆ ಹೋಯಿತಂತೆ. ಎಲ್ಲಿಗೆ ಎಂದು ಕೇಳಿದ್ದಕ್ಕೆ ಡ್ರೈವರ್ ಆ ಹಳೇ ಜೀಪಿನವರ ಮನೆಯ ಹೆಸರನ್ನೇ ಹೇಳಿದನಂತೆ. ಹಿಂದಿನಿಂದ ಎರಡು ಕಾರು ತುಂಬ ಬಿಳಿ ಅಂಗಿಯವರು.

"ನಿನ್ನ ಫೋನಿನಲ್ಲಿ ನೋಡು" ಎಂದರು. ಸ್ವರ ಸರಿ ಇರಲಿಲ್ಲ.

ಹಳೆ ಜೀಪಿನವರ ಮಕ್ಕಳು ಮರಿಗಳದ್ದೊಂದು ವಾಟ್ಸ್ಆ್ಯಪ್ ಗುಂಪು ಉಂಟು. ಬೆಳಗಾದರೆ ಗುಲಾಬಿ ಹೂವಿನ ಶುಭೋದಯ ಕಳಿಸಿ ಕಳಿಸಿ ಜೀವ ತಿನ್ನುತ್ತಾರೆಂದು ನಾನು ಅದರ ಬಾಯಿ ಮುಚ್ಚಿಸಿ ಯಾವ ಕಾಲವೋ ಆಗಿತ್ತು. ತೆರೆದರೆ ನಾನೂರಕ್ಕೂ ಹೆಚ್ಚು ಸಂದೇಶ. ತಳದಲ್ಲೇ ಆ ಕಾಣಿಯೂರಿನವರ ಫೋಟೋ ಕಂಡಿತು. ಕುತ್ತಿಗೆಯಲ್ಲಿ ದಪ್ಪ ಹಾರ. ಅದರ ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು, ಒಬ್ಬರಾದ ಮೇಲೆ ಒಬ್ಬರದು. ಮೇಲಕ್ಕೆ ಸರಿಸಿ ಓದುವ ತಾಳ್ಮೆ ನನಗಿರಲಿಲ್ಲ. ಹಾರ ಉಂಟು, ಕೈಮುಗಿದದ್ದೂ ಉಂಟು, ಇನ್ನೆಂತ ಬೇಕು?

"ಹೌದು ಮಾವ" ಎಂದೆ. "ಹೋದ್ರಂತೆ." ಆ 'ಅಂತೆ' ನಾನು ಕೈಯಿಂದ ಸೇರಿಸಿದ್ದು.

ಮಾವ ಜಗಲಿಯಲ್ಲಿ ಕುಳಿತರು. ಆಮೇಲೆ ಹೇಳಿದ್ದು ಇಷ್ಟೇ: "ನನಗಿಂತ ಎರಡು ವರ್ಷ ಸಣ್ಣ ಅವ. ಇಲ್ಲಿಯೂ ಸರದಿ ತಪ್ಪಿಸಿದ, ನೋಡು."

ನನಗೆ ನಗು ಬಂತು, ಮಾವನ ಮುಖ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಫೋನ್ ಮಾಡಿ ಒಮ್ಮೆ ಕೇಳೋಣವೇ ಎಂದು ಗಂಡ ಕೇಳಿದರು. ಮಾವ ರೇಗಿದರು. "ಎಂತ ಕೇಳುದು? ಸತ್ತದ್ದು ಹೌದಾ ಅಂತ ಕೇಳುದಾ? ಎತ್ತುವ ಮೊದಲು ಮುಖ ನೋಡ್ಬೇಕು. ಕಾರು ತೆಗಿ."

ಕಾರು ತೆಗೆದದ್ದು ನಾನು. ಗಂಡನಿಗೆ ಲೈಸೆನ್ಸ್ ಉಂಟು, ಧೈರ್ಯ ಇಲ್ಲ. ಮಾವ ಬಿಳಿ ಪಂಚೆ, ಬಿಳಿ ಅಂಗಿ ಹಾಕಿ ಪಕ್ಕದಲ್ಲಿ ಕುಳಿತರು. ಎಂದಿನಂತೆ ನನ್ನ ಗೇರನ್ನು ಬೈಯಲಿಲ್ಲ, ಹಾರ್ನ್ ಹಾಕು ಎನ್ನಲಿಲ್ಲ. ಸವಣೂರು ದಾಟಿದ ಮೇಲೆ ಒಂದು ತಿರುವಿನಲ್ಲಿ ಮಾತ್ರ, "ಇಲ್ಲಿ ನನ್ನ ಬ್ರೇಕ್ ಹೋದಾಗ ಚಕ್ರಕ್ಕೆ ಕಲ್ಲು ಇಟ್ಟವ ಅವ" ಎಂದರು. ಕೇಬಲ್ ತೆಗೆಸಿದ್ದು ತಪ್ಪಾಯಿತೆಂದು ಮೊದಲ ಸಲ ನನಗೆ ಅನಿಸಿದ್ದು ಆಗ. ಮೂರು ತಿಂಗಳಲ್ಲಿ ಆ ಮನುಷ್ಯರಿಗೆ ಕಾಯಿಲೆ ಎಂದು ಯಾವುದಾದರೂ ಸುದ್ದಿ ಬಂದಿದ್ದರೆ? ಬದುಕಿರುವಾಗ ಒಮ್ಮೆ ನೋಡುವ ಅವಕಾಶವನ್ನು ನಾನು ಕೊಲೆ ಸಿನಿಮಾಕ್ಕೆ ಬಲಿ ಕೊಟ್ಟಿದ್ದರೆ?

ಆ ಮನೆಯ ಅಂಗಳದಲ್ಲಿ ಶಾಮಿಯಾನ, ಕೆಂಪು ಕುರ್ಚಿ, ಬಿಳಿ ಅಂಗಿಯ ಜನ, ಎಲ್ಲವೂ ಇತ್ತು. ಮಾವ ಚಪ್ಪಲಿಯನ್ನು ದೂರದಲ್ಲಿ ಬಿಟ್ಟು, ತಲೆ ತಗ್ಗಿಸಿ ನಡೆದರು. ಸತ್ತ ಮನೆಯಲ್ಲಿ ನಮಸ್ಕಾರ ಇಲ್ಲ, ಬನ್ನಿ ಹೋಗಿ ಇಲ್ಲ. ಎದುರು ಬಂದ ಹೆಂಗಸೊಬ್ಬಳು ಬೆಲ್ಲ ನೀರು ಹಿಡಿದಾಗ ಕೈಯಾಡಿಸಿ ಬೇಡವೆಂದರು. ನಾನೂ ಹಿಂದಿನಿಂದ ಸೆರಗು ಮುಚ್ಚಿ, ಮುಖ ಸಣ್ಣ ಮಾಡಿಕೊಂಡು ಹೋದೆ. ಒಳಗಿಂದ ಹೋಳಿಗೆಯ ಪರಿಮಳ ಬರುತ್ತಿತ್ತು. ಹೆಣ ಎತ್ತುವ ಮೊದಲೇ ಹೋಳಿಗೆ ಮಾಡುವಷ್ಟು ಈ ಮನೆಯವರು ಮುಂದುವರಿದಿದ್ದಾರಲ್ಲ ಎಂದುಕೊಂಡೆ.

ಜಗಲಿ ಹತ್ತಿದ ಮಾವ ನೆಲದಲ್ಲಿ ಹುಡುಕಿದರು. ಮಲಗಿಸಿದ್ದರೆ ನೆಲದಲ್ಲೇ ಇರಬೇಕು. ಅಲ್ಲಿ ಅವರಿಗೆ ಕಂಡದ್ದು ಒಂದು ಮಣೆ, ಅದರ ಮೇಲೆ ಎರಡು ಪಾದ. ಬೆರಳುಗಳು ಅಲ್ಲಾಡುತ್ತಿದ್ದವು.

ಮಾವ ನಿಧಾನವಾಗಿ ಕಣ್ಣೆತ್ತಿದರು. ಕುರ್ಚಿಯಲ್ಲಿ ಹಾರ ಹಾಕಿಕೊಂಡು, ಶಾಲು ಹೊದ್ದು ಆ ಮನುಷ್ಯ ಕುಳಿತಿದ್ದರು. ಎಂಬತ್ತು ತುಂಬಿದ್ದಕ್ಕೆ ಮಕ್ಕಳು ಇಟ್ಟುಕೊಂಡ ಊಟ ಅದು. ನೆಂಟರು, ಇಷ್ಟರು, ಕರೆಯೋಲೆ ಹೋದವರು ಎಲ್ಲ ಸುತ್ತ ನಿಂತಿದ್ದರು. ನಡುವೆ ಕರೆಯದೆ ಬಂದ ನನ್ನ ಮಾವ, ಹೆಣ ನೋಡಲು ಬಂದ ಮುಖದಲ್ಲಿ. ಭೂಮಿ ಬಾಯಿ ಬಿಟ್ಟಿದ್ದರೆ ನಾನು ಕಾರಿನ ಸಮೇತ ಇಳಿಯುತ್ತಿದ್ದೆ.

ಅವರು ಮಾವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಬಿಳಿ ಪಂಚೆ ನೋಡಿದರು, ಬರಿಗಾಲು ನೋಡಿದರು.

"ಎಂತ ಮಾರಾಯ" ಎಂದರು. "ನಾನು ಸತ್ತೆ ಅಂತ ಬಂದದ್ದಾ?"

ಮಾವನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಹೌದು" ಎಂದರು.

ಆ ಮನುಷ್ಯ ಹಾರವನ್ನು ತೆಗೆದು ಪಕ್ಕಕ್ಕಿಟ್ಟು, ಮೊಣಕಾಲಿಗೆ ಕೈಕೊಟ್ಟು ಎದ್ದರು. "ಒಳ್ಳೆದಾಯ್ತು ಬಿಡು. ಬದುಕಿದ್ದೇನೆ ಅಂತ ಕರೆದಿದ್ರೆ ನೀನು ಬರ್ತಿರ್ಲಿಲ್ಲ."

ಮಾವ ಅವರ ತೋಳನ್ನು ಹಿಡಿದರು. ಬೀಳುತ್ತಾರೆಂದು ಹಿಡಿದದ್ದೋ, ಗಟ್ಟಿಯಿದ್ದಾರಾ ಎಂದು ಮುಟ್ಟಿ ನೋಡಿದ್ದೋ ನನಗೆ ಗೊತ್ತಾಗಲಿಲ್ಲ. ಇಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರು. ಏನು ಮಾತಾಡಿದರೋ, ನಾನು ಹೆಂಗಸರ ಸಾಲಿನಲ್ಲಿದ್ದೆ, ಕೇಳಿಸಲಿಲ್ಲ. ನಾನು ತಲೆ ಎತ್ತದೆ ನಾಲ್ಕು ಹೋಳಿಗೆ ತಿಂದೆ.

ಮನೆಗೆ ಬಂದಾಗ ಗಂಡ ಕ್ರಮ ತಪ್ಪಿಸದೆ ಅಂಗಳದ ಬಚ್ಚಲಲ್ಲಿ ನೀರು ಕಾಯಿಸಿ, ಟವೆಲು ಹಿಡಿದು ನಿಂತಿದ್ದರು. ಸಾವಿಗೆ ಹೋದವರು ಸ್ನಾನ ಮಾಡದೆ ಒಳಗೆ ಬರುವಂತಿಲ್ಲ. ಮಾವ ಅವರನ್ನು ದಾಟಿ ಸೀದಾ ಒಳಗೆ ನಡೆದು ಕುರ್ಚಿಯಲ್ಲಿ ಕುಳಿತರು. ಗಂಡ ಬಾಯಿ ತೆರೆದವರು ಮುಚ್ಚಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಮಾವ, ತಪ್ಪಾಯ್ತು. ನಾಳೆಯೇ ಕೇಬಲ್ ಹಾಕಿಸ್ತೇನೆ."

"ಬೇಡ" ಎಂದರು ಮಾವ. "ದಿನಾ ಸಂಜೆ ಅವನೇ ಫೋನ್ ಮಾಡ್ತಾನಂತೆ. ಫೋನ್ ಬಾರದಿದ್ರೆ ಹೊರಟು ಬರ್ಲಿಕ್ಕೆ ಹೇಳಿದ್ದಾನೆ."